ನಮ್ಮ ಪಾಲಿನ ಕೆಲಸ

ಗಂಡು ಹೆಣ್ಣು ಎಂಬ ಭೇದವಿಲ್ಲದೆ ಇಬ್ಬರ ಕಡೆಗೂ ಒಲಿಯುವ ಮನಸ್ಸಿನವರನ್ನು ಬೈಸೆಕ್ಷುವಲ್ ಎಂದೋ ದ್ವಿಲಿಂಗಾಸಕ್ತರು ಎಂದೋ ಕರೆಯುತ್ತೇವೆ. ಇಂಥವರು ತಮ್ಮನ್ನು ತಾವು ಒಪ್ಪಿಕೊಂಡು, ತಮ್ಮಂಥ ಇತರರಿಗಾಗಿ ಏನಾದರೂ ಮಾಡಬೇಕೆಂದು ಹೊರಟಾಗ ಮೊದಲು ಎದುರಾಗುವ ಪ್ರಶ್ನೆಯೇ ಇವತ್ತಿನ ಮಾತಿನ ವಿಷಯ. ಈ ಚಳವಳಿಯಲ್ಲಿ ನನ್ನ ಪಾಲಿನ ಕೆಲಸ ಯಾವುದು? ಸಂಘಟಿತ ದ್ವಿಲಿಂಗಾಸಕ್ತ ಚಳವಳಿಗೆ ಐವತ್ತು ವರ್ಷಗಳ ಇತಿಹಾಸವಿರುವುದು ಅಮೆರಿಕದಲ್ಲಿ. ಆದ್ದರಿಂದ ಉತ್ತರವನ್ನು ಅಲ್ಲಿನ ಅನುಭವದಲ್ಲೇ ಹುಡುಕುತ್ತೇನೆ. ಆ ದೇಶದ ಎರಡು ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿ. ಗ್ಯಾಲಪ್ ಸಂಸ್ಥೆಯ 2021ರ ಸಮೀಕ್ಷೆಗಳಲ್ಲಿ ತಮ್ಮನ್ನು ಲೈಂಗಿಕ ಅಥವಾ ಲಿಂಗತ್ವ ಅಲ್ಪಸಂಖ್ಯಾತರೆಂದು ಹೇಳಿಕೊಂಡ ವಯಸ್ಕರಲ್ಲಿ ಶೇ. 57ರಷ್ಟು ಜನ ದ್ವಿಲಿಂಗಾಸಕ್ತರು. ಎಂದರೆ ಅರ್ಧಕ್ಕೂ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋದ ಮಾನವ ಹಕ್ಕುಗಳ ಆಯೋಗ 2011ರಲ್ಲಿ ಈ ಜನರ ಅದೃಶ್ಯತೆಯನ್ನೇ ವಿಷಯವಾಗಿಟ್ಟುಕೊಂಡು ಒಂದು ವರದಿ ತಂದಿತು. 2008 ಮತ್ತು 2009ರಲ್ಲಿ ಅಲ್ಪಸಂಖ್ಯಾತ ಲೈಂಗಿಕತೆಯ ಕೆಲಸಗಳಿಗೆಂದು ಹಂಚಿಕೆಯಾದ ಅನುದಾನಗಳಲ್ಲಿ ದ್ವಿಲಿಂಗಾಸಕ್ತರ ಸಮಸ್ಯೆಗಳಿಗೆಂದೇ ಮೀಸಲಾದದ್ದು ಇಡೀ ದೇಶದಲ್ಲಿ ಒಂದೂ ಇರಲಿಲ್ಲ ಎಂದು ಆ ವರದಿ ದಾಖಲಿಸುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಪಾಲು, ಹಣದಲ್ಲಿ ಸೊನ್ನೆ. ಈ ಅಂತರ ಎಲ್ಲಿ, ಹೇಗೆ ಹುಟ್ಟುತ್ತದೆ ಎಂದು ತಿಳಿದರೆ ಯಾರು ಯಾವ ಕೆಲಸಕ್ಕೆ ಕೈಹಾಕಬೇಕು ಎಂಬುದೂ ತಿಳಿಯುತ್ತದೆ ಎನ್ನುವುದು ನನ್ನ ವಾದ.

ದ್ವಿಲಿಂಗಾಸಕ್ತರ ಅದೃಶ್ಯತೆಗೆ ಅದರದೇ ಆದ ಒಂದು ರೀತಿಯಿದೆ. ಒಬ್ಬ ಹೆಂಗಸು ಗಂಡನ ಜೊತೆ ಸಂಸಾರ ಮಾಡುತ್ತಿದ್ದರೆ ಲೋಕ ಅವಳನ್ನು ಎಲ್ಲರಂಥವಳು ಎಂದುಕೊಳ್ಳುತ್ತದೆ. ಅದೇ ಹೆಂಗಸು ಮುಂದೆ ಇನ್ನೊಬ್ಬ ಹೆಂಗಸಿನ ಜೊತೆ ಬಾಳತೊಡಗಿದರೆ ಅವಳು ಮೊದಲಿನಿಂದಲೂ ಸಲಿಂಗಾಸಕ್ತೆಯೇ, ಇಷ್ಟು ದಿನ ಮುಚ್ಚಿಟ್ಟಿದ್ದಳು ಎಂದು ತೀರ್ಮಾನಿಸುತ್ತದೆ. ಪಕ್ಕದಲ್ಲಿರುವ ಸಂಗಾತಿಯನ್ನು ನೋಡಿ ಒಬ್ಬರ ಒಳಗನ್ನು ಓದುವ ಈ ಅಭ್ಯಾಸದಲ್ಲಿ ದ್ವಿಲಿಂಗಾಸಕ್ತಿಗೆ ಜಾಗವೇ ಇಲ್ಲ. ಕಾನೂನು ವಿದ್ವಾಂಸ ಕೆಂಜಿ ಯೋಶಿನೋ 2000ದಲ್ಲಿ ಸ್ಟ್ಯಾನ್‌ಫರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಪ್ರಕಟಿಸಿದ ದೀರ್ಘ ಲೇಖನದಲ್ಲಿ ಇದರ ಬೇರನ್ನು ಹುಡುಕಿದರು. ದ್ವಿಲಿಂಗಾಸಕ್ತರು ಕಡಿಮೆ ಇದ್ದಾರೆ, ಅದಕ್ಕೇ ಕಾಣುವುದಿಲ್ಲ ಎಂಬ ಸಮಾಧಾನವನ್ನು ಅವರು ಒಪ್ಪಲಿಲ್ಲ. ಲೈಂಗಿಕತೆಯ ಸಂಶೋಧಕ ಕಿನ್ಸೆಯಿಂದ ಮೊದಲ್ಗೊಂಡು ಹಲವು ಸಮೀಕ್ಷೆಗಳನ್ನು ಪರಿಶೀಲಿಸಿ, ಸಂಖ್ಯೆಯಲ್ಲಿ ಇವರು ಸಲಿಂಗಾಸಕ್ತರಿಗೆ ಸಮ ಅಥವಾ ಅವರಿಗಿಂತ ಹೆಚ್ಚು ಎಂದು ತೋರಿಸಿದರು. ಬಹುಸಂಖ್ಯಾತ ಸಮಾಜ ಮತ್ತು ಸಲಿಂಗಾಸಕ್ತ ಸಮಾಜ ಎರಡಕ್ಕೂ, ತಂತಮ್ಮ ಕಾರಣಗಳಿಗಾಗಿ, ನಡುವಿನವರು ಇಲ್ಲ ಎಂದುಕೊಳ್ಳುವುದು ಅನುಕೂಲ ಎನ್ನುವುದು ಅವರ ನಿಲುವು. ಯಾರೂ ಕೂಡಿ ಸಂಚು ಹೂಡಿದ್ದಲ್ಲ, ಇಬ್ಬರ ಅನುಕೂಲವೂ ಒಂದೇ ಕಡೆ ವಾಲಿತು, ಅಷ್ಟೆ. ಹೀಗಾಗಿ ಈ ಅಳಿಸುವಿಕೆ ಒಮ್ಮೆ ನಡೆದು ಮುಗಿದದ್ದಲ್ಲ. ಆಸ್ಪತ್ರೆಯ ಅರ್ಜಿಯಲ್ಲಿ, ಸಂಶೋಧನೆಯ ಕೋಷ್ಟಕದಲ್ಲಿ, ಸಂಘಟನೆಯ ಹೆಸರಿನಲ್ಲಿ, ಆಪ್ತಸಮಾಲೋಚಕರ ಕೋಣೆಯಲ್ಲಿ ಅದು ದಿನವೂ ಹೊಸದಾಗಿ ನಡೆಯುತ್ತದೆ. ಒಂದು ಭಾಷಣ, ಒಂದು ಮೆರವಣಿಗೆ, ಒಬ್ಬ ಪ್ರಸಿದ್ಧರ ಬಹಿರಂಗ ಹೇಳಿಕೆ ಇದನ್ನು ಸರಿಪಡಿಸಲಾರದು. ಎಲ್ಲೆಲ್ಲಿ ಅಳಿಸಲಾಗುತ್ತಿದೆಯೋ ಅಲ್ಲಲ್ಲೇ, ಆ ಜಾಗ ಗೊತ್ತಿರುವವರೇ ಬರೆಯಬೇಕು.

ಇದಕ್ಕೆ ನನಗೆ ತಿಳಿದ ಅತ್ಯಂತ ಬಲವಾದ ಸಾಕ್ಷ್ಯ 1980ರ ದಶಕದ ಸ್ಯಾನ್ ಫ್ರಾನ್ಸಿಸ್ಕೋದ್ದು. ಮುಂದೆ ಏಡ್ಸ್ ಎಂದು ಹೆಸರಾದ ಕಾಯಿಲೆಯ ಮೊದಲ ವೈದ್ಯಕೀಯ ವರದಿ ಅಮೆರಿಕದಲ್ಲಿ ಪ್ರಕಟವಾದದ್ದು 1981ರ ಜೂನ್ 5ರಂದು. ಆ ನಗರದಲ್ಲಿ ಸಾವುಗಳು ಏರುತ್ತಿದ್ದ ದಿನಗಳಲ್ಲಿ ದ್ವಿಲಿಂಗಾಸಕ್ತ ಗಂಡಸರ ಸ್ಥಿತಿ ಎರಡು ಕಡೆಯಿಂದ ಕೆಟ್ಟಿತ್ತು. ಪತ್ರಿಕೆಗಳಲ್ಲಿ ಅವರು ಸೋಂಕನ್ನು ಒಂದು ಸಮುದಾಯದಿಂದ ಇನ್ನೊಂದಕ್ಕೆ, ಹೆಂಡತಿ ಮಕ್ಕಳಿಗೆ ದಾಟಿಸುವವರೆಂದು ಆರೋಪಿಗಳಾಗಿದ್ದರು. ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಮಾತ್ರ ಅವರಿಗೆ ಹೆಸರೇ ಇರಲಿಲ್ಲ. ದೂರಲು ಕಾಣುತ್ತಿದ್ದವರು ಸಹಾಯ ಮಾಡುವಾಗ ಕಾಣುತ್ತಿರಲಿಲ್ಲ. ಡೇವಿಡ್ ಲೊರಿಯಾ ಎಂಬ ಲೈಂಗಿಕ ಆರೋಗ್ಯದ ಸಲಹೆಗಾರರು ಇದನ್ನು ಎತ್ತಿಕೊಂಡರು. ಸುಮಾರು ಎರಡು ವರ್ಷ ಇಲಾಖೆಯ ಬೆನ್ನು ಹತ್ತಿ, 1984ರಲ್ಲಿ ನಗರದ ಸಾರ್ವಜನಿಕ ಆರೋಗ್ಯ ಇಲಾಖೆ ತನ್ನ ಅಧಿಕೃತ ಏಡ್ಸ್ ಅಂಕಿಅಂಶಗಳಲ್ಲಿ ದ್ವಿಲಿಂಗಾಸಕ್ತ ಗಂಡಸರನ್ನು ಹೆಸರಿಸಿ ಸೇರಿಸುವಂತೆ ಮಾಡಿದರು. ಆ ಮಾದರಿಯನ್ನು ದೇಶದ ಬೇರೆ ಆರೋಗ್ಯ ಇಲಾಖೆಗಳೂ ಅನುಸರಿಸಿದವು.

ಒಂದು ವರದಿಯ ಶೀರ್ಷಿಕೆಗೆ ಇನ್ನೊಂದು ಪದ ಸೇರಿದರೆ ಏನಾದೀತು ಎಂದು ಕೇಳಬಹುದು. ಸಾರ್ವಜನಿಕ ಆರೋಗ್ಯದ ಕೆಲಸ ನಡೆಯುವ ಕ್ರಮ ಬಲ್ಲವರಿಗೆ ಅದರ ಬೆಲೆ ಗೊತ್ತು. ಲೆಕ್ಕದಲ್ಲಿ ಹೆಸರಿಲ್ಲದವರಿಗೆ ಆಯವ್ಯಯದಲ್ಲಿ ಹಣವಿಲ್ಲ, ಹಣವಿಲ್ಲದೆ ಕರಪತ್ರವಿಲ್ಲ, ಸಲಹಾ ಕೇಂದ್ರವಿಲ್ಲ, ತರಬೇತಿಯಿಲ್ಲ. ಸಲಿಂಗಾಸಕ್ತ ಗಂಡಸರೇ ಎಚ್ಚರ ಎಂದು ಬರೆದ ಕರಪತ್ರವನ್ನು, ತನ್ನನ್ನು ಹಾಗೆಂದು ಎಂದೂ ಕರೆದುಕೊಳ್ಳದ ಗಂಡಸು ತನಗೆ ಸಂಬಂಧಿಸಿದ್ದಲ್ಲವೆಂದು ಪಕ್ಕಕ್ಕಿಡುತ್ತಾನೆ. ಅವನ ಜೀವಕ್ಕೂ ಅವನ ಹೆಂಡತಿಯ ಜೀವಕ್ಕೂ ಆ ಒಂದು ಪದ ಬೇಕಾಗಿತ್ತು. ಇದನ್ನು ಕಾಣಲು ಸಲಹೆಗಾರನ ಕಣ್ಣೇ ಬೇಕು. ಜನ ಏನನ್ನು ಕೇಳಿಸಿಕೊಳ್ಳುತ್ತಾರೆ, ಏನನ್ನು ಕೇಳಿಸಿಕೊಳ್ಳುವುದಿಲ್ಲ ಎಂಬುದು ಆ ವೃತ್ತಿಯವರಿಗೆ ದಿನನಿತ್ಯದ ಅರಿವು. ಲೊರಿಯಾ ಅವರ ಜೊತೆಗಾತಿ ಸಿಂಥಿಯಾ ಸ್ಲೇಟರ್ 1981ರಿಂದಲೇ ಅವರೊಡನೆ ಸೇರಿ, ಗಂಡಸರು ಸೇರುತ್ತಿದ್ದ ಸ್ನಾನಗೃಹಗಳಿಗೂ ಕ್ಲಬ್ಬುಗಳಿಗೂ ಹೋಗಿ ಸುರಕ್ಷಿತ ಲೈಂಗಿಕತೆಯ ಪಾಠ ಹೇಳುತ್ತಿದ್ದರು. 1985ರಲ್ಲಿ ಅವರು ಹೆಂಗಸರಿಗಾಗಿ ಎಚ್‌ಐವಿ ಮಾಹಿತಿಯ ದೂರವಾಣಿ ಸೇವೆಯನ್ನು ಕಟ್ಟಿದರು. ಸ್ಲೇಟರ್ 1989ರಲ್ಲಿ, ಲೊರಿಯಾ 1992ರಲ್ಲಿ, ಇಬ್ಬರೂ ಅದೇ ಕಾಯಿಲೆಯಿಂದ ತೀರಿಕೊಂಡರು. ತಮ್ಮ ಮೈಯನ್ನು ಹೊಕ್ಕ ರೋಗದ ವಿರುದ್ಧ ತಮ್ಮ ಕೈಲಿದ್ದ ವಿದ್ಯೆಯನ್ನು ಕೊನೆಯವರೆಗೂ ಬಳಸಿದ ಈ ಇಬ್ಬರ ಬಗ್ಗೆ ನನಗೆ ಇರುವ ಗೌರವವನ್ನು ಮುಚ್ಚಿಡಲಾರೆ.

ಇದು ಬಿಡಿ ಪ್ರಕರಣವೂ ಅಲ್ಲ. 1976ರಲ್ಲಿ ಅದೇ ನಗರದಲ್ಲಿ ಬೈಸೆಕ್ಷುವಲ್ ಸೆಂಟರ್ ಎಂಬ ಸಂಸ್ಥೆ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಮ್ಯಾಗಿ ರೂಬೆನ್‌ಸ್ಟೈನ್ ದಾದಿಯಾಗಿದ್ದವರು, ಲೈಂಗಿಕ ಶಿಕ್ಷಣದ ಕೆಲಸದಲ್ಲಿದ್ದವರು. ಹಾಗಾಗಿ ಆ ಕೇಂದ್ರ ಮೊದಲ ದಿನದಿಂದ ಸಲಹೆ, ಆರೈಕೆ, ಮಾತುಕತೆಗಳ ಮನೆಯಾಯಿತು. ನ್ಯೂಯಾರ್ಕಿನ ಬ್ರೆಂಡಾ ಹೊವಾರ್ಡ್ ಅವರ ಬಲ ಜನರನ್ನು ಸೇರಿಸುವುದರಲ್ಲಿತ್ತು. ಸ್ಟೋನ್‌ವಾಲ್ ಬಾರಿನ ಮೇಲಿನ ಪೊಲೀಸ್ ದಾಳಿಯ ವಿರುದ್ಧ ಸಿಡಿದ ಪ್ರತಿಭಟನೆಯ ಮೊದಲ ವರ್ಷಾಚರಣೆಗೆ 1970ರ ಜೂನ್ 28ರಂದು ನಡೆದ ಮೆರವಣಿಗೆಯನ್ನು ಸಂಘಟಿಸಿದವರಲ್ಲಿ ಅವರೊಬ್ಬರು. ಇವತ್ತು ಜಗತ್ತಿನ ನೂರಾರು ಊರುಗಳಲ್ಲಿ ನಡೆಯುವ ಪ್ರೈಡ್ ಮೆರವಣಿಗೆಗಳ ಮೂಲ ಅದು. ಅದೇ ಹೊವಾರ್ಡ್, ಕುಡಿತ ಬಿಡಲು ಹೆಣಗುವ ದ್ವಿಲಿಂಗಾಸಕ್ತರಿಗಾಗಿ ಆಲ್ಕೊಹಾಲಿಕ್ಸ್ ಅನಾನಿಮಸ್ ಮಾದರಿಯ ಗುಂಪನ್ನೂ ಕಟ್ಟಿದರು. ಮೆರವಣಿಗೆಯ ಹೆಸರು ಉಳಿಯಿತು, ಕುಡಿತ ಬಿಡಿಸುವ ಗುಂಪಿನ ಸುದ್ದಿ ಹೆಚ್ಚು ಜನರಿಗೆ ಗೊತ್ತಿಲ್ಲ. ಎರಡನೆಯದು ಮೊದಲನೆಯದಕ್ಕಿಂತ ಸಣ್ಣ ಕೆಲಸ ಎಂದು ನನಗೆ ಅನ್ನಿಸುವುದಿಲ್ಲ. ಎಬಿಲಿ ಜೋನ್ಸ್ ಹೆನಿನ್ ಎಂಬ ಕಪ್ಪು ಜನಾಂಗದ ದ್ವಿಲಿಂಗಾಸಕ್ತ ಹೋರಾಟಗಾರರು ಲೈಂಗಿಕ ಅಲ್ಪಸಂಖ್ಯಾತರ ಹಕ್ಕುಗಳಿಗಾಗಿ ನಡೆದ 1979ರ ವಾಷಿಂಗ್‌ಟನ್ ಮಹಾ ಮೆರವಣಿಗೆಯ ವ್ಯವಸ್ಥೆಯ ಹೊಣೆ ಹೊತ್ತಿದ್ದರು. ಅಷ್ಟು ದೊಡ್ಡ ಜನಸಮೂಹ ರಾಜಧಾನಿಗೆ ಬಂದು ಸೇರುವಾಗ ವ್ಯವಸ್ಥೆ ಎಂಬ ಒಂದು ಮಾತಿನೊಳಗೆ ಎಷ್ಟು ದುಡಿಮೆ ಅಡಗಿರುತ್ತದೆ ಎಂದು ನೀವೇ ಊಹಿಸಿಕೊಳ್ಳಿ.

ಇನ್ನು ವಿಳಾಸಗಳ ವಿಷಯ. ಅಂತರ್ಜಾಲ ಮನೆಮನೆಗೆ ಬರುವ ಮೊದಲು, ಸಣ್ಣ ಊರಿನಲ್ಲಿದ್ದ ದ್ವಿಲಿಂಗಾಸಕ್ತರಿಗೆ ತಮ್ಮಂಥವರು ಬೇರೆಲ್ಲಾದರೂ ಇದ್ದಾರೆಯೇ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಬಾಸ್ಟನ್ನಿನ ರಾಬಿನ್ ಓಕ್ಸ್ ಈ ಕೊರತೆಯನ್ನು ಗುರುತಿಸಿ, ಬೇರೆ ಬೇರೆ ದೇಶಗಳ ದ್ವಿಲಿಂಗಾಸಕ್ತ ಗುಂಪುಗಳ ಹೆಸರು, ವಿಳಾಸಗಳನ್ನು ಕಲೆಹಾಕಿ ಕೈಪಿಡಿಯಾಗಿ ಪ್ರಕಟಿಸಿದರು. ವರ್ಷಗಳುದ್ದಕ್ಕೂ ಅದನ್ನು ತಿದ್ದಿ, ಬೆಳೆಸಿ, ಮತ್ತೆ ಮತ್ತೆ ಮುದ್ರಿಸಿದರು. 1983ರಲ್ಲಿ ಬಾಸ್ಟನ್ನಿನ ದ್ವಿಲಿಂಗಾಸಕ್ತ ಮಹಿಳೆಯರ ಬಳಗ ಹುಟ್ಟಿದಾಗ ಜೊತೆಗೆ ಒಂದು ಪತ್ರಿಕೆಯೂ ಹುಟ್ಟಿತು. 2009ರಿಂದ ಅದರ ಸಂಪಾದನೆಯ ಹೊಣೆಯನ್ನೂ ಓಕ್ಸ್ ವಹಿಸಿಕೊಂಡರು. ಅವರು ಸಾರಾ ರೌಲಿ ಅವರೊಡನೆ 2005ರಲ್ಲಿ ತಂದ ಗೆಟಿಂಗ್ ಬೈ ಎಂಬ ಸಂಕಲನದಲ್ಲಿ 32 ದೇಶಗಳ ಜನ ತಮ್ಮ ಬದುಕನ್ನು ಬರೆದಿದ್ದಾರೆ. 2009ರ ಎರಡನೆಯ ಆವೃತ್ತಿಯ ಹೊತ್ತಿಗೆ ದೇಶಗಳ ಸಂಖ್ಯೆ 42ಕ್ಕೆ ಏರಿತು. ವಿಳಾಸಪಟ್ಟಿ ಇಟ್ಟುಕೊಂಡಿದ್ದವರಿಗೇ ಇಂಥ ಪುಸ್ತಕ ಸಾಧ್ಯ. ಪಟ್ಟಿ ಮಾಡುವುದು, ಕರಡು ತಿದ್ದುವುದು, ಬಂದ ಪತ್ರಕ್ಕೆ ಉತ್ತರ ಬರೆಯುವುದು ನಮ್ಮ ಸಾಹಿತ್ಯ ಸಂಘಗಳಲ್ಲಿ ಯಾರೋ ಒಬ್ಬ ಕಾರ್ಯದರ್ಶಿ ಮೂಲೆಯಲ್ಲಿ ಕೂತು ಮಾಡುವ ಕೆಲಸಗಳು. ಒಂದು ಚದುರಿದ ಸಮುದಾಯಕ್ಕೆ ತಾನೊಂದು ಸಮುದಾಯ ಎಂಬ ತಿಳಿವು ಬಂದದ್ದು ಈ ಕೆಲಸಗಳಿಂದಲೇ.

ಇವರೆಲ್ಲರನ್ನೂ ಸೇರಿಸುವ ಎಳೆ ಯಾವುದು? ಚಳವಳಿಗೆ ಬಂದ ಮೇಲೆ ಇವರು ಬೇರೆ ಮನುಷ್ಯರಾಗಲಿಲ್ಲ. ದಾದಿ ಆರೈಕೆಯನ್ನೇ ತಂದರು, ಸಲಹೆಗಾರ ಸಲಹೆಯನ್ನೇ ತಂದರು, ಬರೆಯುವವರು ಬರವಣಿಗೆಯನ್ನೇ ತಂದರು. ತಮ್ಮ ಕೈ ಈಗಾಗಲೇ ಎಟಕುವ ಜಾಗದಲ್ಲಿ ದ್ವಿಲಿಂಗಾಸಕ್ತರು ಎಲ್ಲಿ ಬಿಟ್ಟುಹೋಗಿದ್ದಾರೆ ಎಂದು ನೋಡಿ, ಆ ಬಿಟ್ಟ ಜಾಗವನ್ನು ತುಂಬಿದರು. ನಿನಗೆ ಯಾವುದರಲ್ಲಿ ಹುಮ್ಮಸ್ಸಿದೆಯೋ ಅದನ್ನು ಮಾಡು ಎಂದು ಹೊಸಬರಿಗೆ ಸಾಮಾನ್ಯವಾಗಿ ಹೇಳುತ್ತಾರೆ. ಆ ಸಲಹೆ ಸಾಲದು ಎಂದು ನಾನು ಭಾವಿಸುತ್ತೇನೆ. ಹುಮ್ಮಸ್ಸಿನ ಕಣ್ಣು ಮೊದಲು ಹೋಗುವುದು ಎಲ್ಲರಿಗೂ ಕಾಣುವ ಕೆಲಸದ ಕಡೆಗೆ. ಅಲ್ಲಿ ಆಗಲೇ ಜನ ತುಂಬಿರುತ್ತಾರೆ, ಮಿಕ್ಕ ಜಾಗಗಳು ಖಾಲಿ ಉಳಿಯುತ್ತವೆ. ಕೇಳಿಕೊಳ್ಳಬೇಕಾದದ್ದು ಹೊರಗಿನ ಪ್ರಶ್ನೆ: ನಾನು ದಿನಾ ನೋಡುವ ಕಡತ, ಪಾಠ, ಅರ್ಜಿ, ತೀರ್ಪು, ಸುದ್ದಿಗಳಲ್ಲಿ ಯಾರು ಇಲ್ಲ? ಅವರನ್ನು ಸೇರಿಸಲು ಯಾರ ಬಳಿ ಮಾತಾಡಬೇಕು? ಹೀಗೆ ಕೇಳಿಕೊಂಡ ಶಿಕ್ಷಕಿಗೆ, ಗುಮಾಸ್ತನಿಗೆ, ವರದಿಗಾರನಿಗೆ ತಮ್ಮ ಕೆಲಸ ಸಿಕ್ಕುತ್ತದೆ.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು, ಅದೃಶ್ಯತೆಯೇ ರೋಗವಾದರೆ ಕಾಣಿಸಿಕೊಳ್ಳುವುದೇ ಮದ್ದಲ್ಲವೇ, ಬಹಿರಂಗವಾಗಿ ಹೆಸರು ಹೇಳಿಕೊಳ್ಳದವರು ಚಳವಳಿಗೆ ಏನು ಮಾಡಿಯಾರು ಎನ್ನುವುದು. ಕಾಣಿಸಿಕೊಂಡವರ ಋಣ ದೊಡ್ಡದು ಎಂಬುದನ್ನು ಒಪ್ಪುತ್ತೇನೆ. ಹವಾಯಿ ಮೂಲದ ಲಾನಿ ಕಾಅಹುಮಾನು 1987ರ ವಾಷಿಂಗ್‌ಟನ್ ಮೆರವಣಿಗೆಯ ಕೈಪಿಡಿಯಲ್ಲಿ ದ್ವಿಲಿಂಗಾಸಕ್ತ ಚಳವಳಿ ಈಗಲಾದರೂ ಕಾಣುತ್ತಿದೆಯೇ ಎಂದು ಕೇಳುವ ಲೇಖನ ಬರೆದರು. ಆ ವರ್ಷ ರಾಷ್ಟ್ರಮಟ್ಟದಲ್ಲಿ ಒಂದು ತಂಡವಾಗಿ ನಡೆದ ದ್ವಿಲಿಂಗಾಸಕ್ತರು ಸುಮಾರು 75 ಮಂದಿ. 1993ರ ಏಪ್ರಿಲ್ 25ರ ಮೆರವಣಿಗೆಯ ಹೊತ್ತಿಗೆ ಅದರ ಅಧಿಕೃತ ಹೆಸರಿನಲ್ಲೇ ಅವರ ಹೆಸರು ಸೇರಿತ್ತು. ವೇದಿಕೆಯಿಂದ ಕಾಅಹುಮಾನು ಮಾತಾಡಿದರು. ಆದರೆ ಇದನ್ನೇ ಎಲ್ಲರಿಗೂ ಪ್ರವೇಶ ಶುಲ್ಕವಾಗಿ ವಿಧಿಸುವುದು ನಿರ್ದಯ. ಪ್ಯೂ ಸಂಶೋಧನಾ ಕೇಂದ್ರದ 2013ರ ಸಮೀಕ್ಷೆಯಲ್ಲಿ, ತಮ್ಮ ಬದುಕಿನ ಮುಖ್ಯ ಜನರೆಲ್ಲರಿಗೂ ಅಥವಾ ಬಹುಪಾಲು ಜನರಿಗೆ ತಮ್ಮ ವಿಷಯ ಗೊತ್ತಿದೆ ಎಂದ ಸಲಿಂಗಾಸಕ್ತ ಗಂಡಸರು ಶೇ. 77, ಸಲಿಂಗಾಸಕ್ತ ಹೆಂಗಸರು ಶೇ. 71, ದ್ವಿಲಿಂಗಾಸಕ್ತರು ಕೇವಲ ಶೇ. 28. ಬಹಿರಂಗವಾದವರಿಗೆ ಮಾತ್ರ ಕೆಲಸ ಎಂದರೆ ಉಳಿದ ಶೇ. 72ರಷ್ಟು ಜನರ ಬುದ್ಧಿ, ಶ್ರಮ, ಪ್ರೀತಿಗಳನ್ನು ಬಾಗಿಲ ಹೊರಗೆ ನಿಲ್ಲಿಸಿದಂತೆ. ಮದುವೆ ಮನೆಯಲ್ಲಿ ಹಸೆಮಣೆಯ ಮೇಲೆ ಕೂರುವವರು ಇಬ್ಬರೇ. ಉಗ್ರಾಣ ನೋಡಿಕೊಂಡವರ ಹೆಸರು ಲಗ್ನಪತ್ರಿಕೆಯಲ್ಲಿ ಇರುವುದಿಲ್ಲ, ಆದರೆ ಅವರಿಲ್ಲದೆ ಪಂಕ್ತಿ ಏಳುವುದಿಲ್ಲ. ಹೆಸರು ಹೇಳದೆಯೂ ಅನುವಾದ ಮಾಡಬಹುದು, ಲೆಕ್ಕ ಬರೆಯಬಹುದು, ದೂರವಾಣಿಯಲ್ಲಿ ಒಬ್ಬರ ಅಳಲು ಕೇಳಬಹುದು. ಯಾವಾಗ, ಯಾರ ಮುಂದೆ ಹೇಳಿಕೊಳ್ಳಬೇಕೆಂಬುದು ಅವರವರ ಬದುಕಿನ ತೀರ್ಮಾನ. ಮನೆ, ನೌಕರಿ, ಮಕ್ಕಳ ಪಾಲನೆಯ ಹಕ್ಕು ಕಳೆದುಕೊಳ್ಳುವ ಭಯ ಇರುವವರಿಗೆ ಧೈರ್ಯದ ಪಾಠ ಹೇಳುವ ಅಧಿಕಾರ ನಮಗೆ ಯಾರಿಗೂ ಇಲ್ಲ.

ಎರಡನೆಯ ಆಕ್ಷೇಪ ಒಗ್ಗಟ್ಟಿನ ಹೆಸರಿನಲ್ಲಿ ಬರುತ್ತದೆ. ಇರುವ ಹೋರಾಟವೇ ಸಣ್ಣದು, ಅದರಲ್ಲಿ ಇನ್ನೊಂದು ಪ್ರತ್ಯೇಕ ಗುಂಪು ಯಾಕೆ, ಎಲ್ಲರೂ ಕೂಡಿ ಗೆದ್ದರೆ ಎಲ್ಲರಿಗೂ ಸಿಗುವುದಲ್ಲವೇ ಎಂದು. ಹೊವಾರ್ಡ್, ಜೋನ್ಸ್ ಹೆನಿನ್ ಅವರ ಕೆಲಸವನ್ನು ನೆನೆದರೆ ಸಾಕು, ಕೂಡು ಹೋರಾಟವನ್ನು ಕಟ್ಟಿದವರಲ್ಲೇ ದ್ವಿಲಿಂಗಾಸಕ್ತರು ಇದ್ದರು ಎಂಬುದು ಗೊತ್ತಾಗುತ್ತದೆ, ಒಡೆಯಲು ಬಂದವರಲ್ಲ. ಎಲ್ಲರಿಗೂ ಸಿಗುತ್ತದೆ ಎಂಬ ನಂಬಿಕೆಯನ್ನು ಅಂಕಿಅಂಶ ಒಪ್ಪುವುದಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2010ರಲ್ಲಿ ಸಂಗ್ರಹಿಸಿ 2013ರಲ್ಲಿ ಪ್ರಕಟಿಸಿದ ವಿವರದ ಪ್ರಕಾರ, ಸಂಗಾತಿಯಿಂದ ಅತ್ಯಾಚಾರ, ಹಲ್ಲೆ ಅಥವಾ ಬೆನ್ನಟ್ಟುವ ಕಿರುಕುಳವನ್ನು ಜೀವನದಲ್ಲಿ ಒಮ್ಮೆಯಾದರೂ ಅನುಭವಿಸಿದವರು ಭಿನ್ನಲಿಂಗಾಸಕ್ತ ಹೆಂಗಸರಲ್ಲಿ ಶೇ. 35, ಸಲಿಂಗಾಸಕ್ತ ಹೆಂಗಸರಲ್ಲಿ ಶೇ. 44, ದ್ವಿಲಿಂಗಾಸಕ್ತ ಹೆಂಗಸರಲ್ಲಿ ಶೇ. 61. ಮೂರೂ ಗುಂಪುಗಳನ್ನು ಬೇರೆ ಬೇರೆಯಾಗಿ ಎಣಿಸಿದ್ದರಿಂದ ಈ ಸತ್ಯ ಕಂಡಿತು. ಕೊನೆಯ ಎರಡನ್ನೂ ಕೂಡಿಸಿ ಒಂದೇ ಸಾಲಿನಲ್ಲಿ ಬರೆದಿದ್ದರೆ, ಎಲ್ಲರಿಗಿಂತ ಹೆಚ್ಚು ಹೊಡೆತ ತಿನ್ನುತ್ತಿರುವ ಹೆಂಗಸರು ಯಾರೆಂದೇ ತಿಳಿಯುತ್ತಿರಲಿಲ್ಲ. ಕಿರುಕುಳಕ್ಕೊಳಗಾದ ಮಹಿಳೆಯರ ಆಶ್ರಯಧಾಮದಲ್ಲಿ ದುಡಿಯುವ ಒಬ್ಬರಿಗೆ ಈ ಅಂಕಿ ಗೊತ್ತಿದ್ದರೆ, ಬಂದವಳನ್ನು ಅವರು ಕೇಳುವ ಮೊದಲ ಪ್ರಶ್ನೆಯೇ ಬದಲಾಗುತ್ತದೆ.

ನಮ್ಮ ನಾಡಿನಲ್ಲಿ ಹೆಚ್ಚು ಕೇಳಿಬರುವುದು ಮೂರನೆಯ ಆಕ್ಷೇಪ. ದ್ವಿಲಿಂಗಾಸಕ್ತರಿಗೇನು, ಮದುವೆ ಮಾಡಿಕೊಂಡು ಸಮಾಜದಲ್ಲಿ ಸುಖವಾಗಿರಬಹುದು. ಅವರಿಗೆ ಕಷ್ಟವೆಲ್ಲಿಯದು, ಹೋರಾಟ ಯಾಕೆ? ಇದರ ಹಿಂದೆಯೇ ಇನ್ನೊಂದು ಕಟುವಾದ ಮಾತಿದೆ: ಹಾಗೆ ಮದುವೆಯಾಗಿ ಹೆಂಡತಿಗೋ ಗಂಡನಿಗೋ ಮೋಸ ಮಾಡುವವರು ಇವರೇ ಅಲ್ಲವೇ? ಎರಡನ್ನೂ ಬಿಡಿಸಿ ನೋಡಬೇಕು. ಅಮೆರಿಕದ ಅದೇ ಪ್ಯೂ ಸಮೀಕ್ಷೆಯ ಪ್ರಕಾರ, ಬದ್ಧ ಸಂಬಂಧದಲ್ಲಿದ್ದ ದ್ವಿಲಿಂಗಾಸಕ್ತರಲ್ಲಿ ಶೇ. 84ರಷ್ಟು ಜನರ ಸಂಗಾತಿ ವಿರುದ್ಧ ಲಿಂಗದವರು. ಆದರೂ ಅವರ ನಡುವೆ ಮೌನ ಎಷ್ಟಿದೆ ಎಂಬುದನ್ನು ಆಗಲೇ ಹೇಳಿದ ಶೇ. 28ರ ಅಂಕಿ ತೋರಿಸುತ್ತದೆ. ಒಪ್ಪಿತ ಮದುವೆ ಇದ್ದ ಮಾತ್ರಕ್ಕೆ ಬಚ್ಚಿಟ್ಟುಕೊಂಡು ಬಾಳುವ ಭಾರ ಇಳಿಯುವುದಿಲ್ಲ. ಮೋಸದ ಪ್ರಶ್ನೆಯನ್ನು ಚಳವಳಿ ನೇರವಾಗಿ ಎದುರಿಸಬೇಕು, ಜಾರಿಕೊಳ್ಳಬಾರದು. ಇಬ್ಬರ ಕಡೆ ಒಲಿಯುವ ಶಕ್ತಿಯೇ ಬೇರೆ, ಏಕಕಾಲಕ್ಕೆ ಇಬ್ಬರ ಜೊತೆ ಇರುವುದೇ ಬೇರೆ. ಮಾತಿಗೆ ತಪ್ಪುವುದು ಯಾವ ಒಲವಿನವರಲ್ಲಿಯೂ ಉಂಟು. ಆದರೆ ಮನೆಯವರ ಒತ್ತಾಯಕ್ಕೆ ಮದುವೆಯಾಗಿ, ತನ್ನ ಒಳಗನ್ನು ಹೇಳಲಾಗದೆ, ಏನೂ ತಿಳಿಯದ ಸಂಗಾತಿಯನ್ನು ವರ್ಷಾನುಗಟ್ಟಲೆ ಕತ್ತಲಲ್ಲಿಟ್ಟವರು ನಮ್ಮಲ್ಲಿ ಇದ್ದಾರೆ. ಆ ಸಂಗಾತಿಯ ನೋವು ನಿಜ, ಅದನ್ನು ಕಿರಿದಾಗಿಸುವ ಯಾವ ವಾದವನ್ನೂ ನಾನು ಒಪ್ಪುವುದಿಲ್ಲ. ಹೇಳಲು ಸುರಕ್ಷಿತ ಜಾಗವಿಲ್ಲದ ಕಡೆ ಇಂಥ ಮದುವೆಗಳು ಹೆಚ್ಚಾಗುತ್ತವೆ, ಕಡಿಮೆಯಾಗುವುದಿಲ್ಲ. ದಂಪತಿಗಳನ್ನು ಜೊತೆಯಾಗಿ ಕೂರಿಸಿ ಮಾತಾಡಿಸಬಲ್ಲ ಕುಟುಂಬ ಸಲಹೆಗಾರರಿಗೆ ಈ ಚಳವಳಿಯಲ್ಲಿ ಎಷ್ಟು ದೊಡ್ಡ ಕೆಲಸ ಕಾದಿದೆ ಎಂಬುದು ಇಲ್ಲಿಯೇ ಕಾಣುತ್ತದೆ.

ಕೆಲಸ ಹಿಡಿದವರಿಗೆ ಒಂದು ಅಪಾಯವೂ ಉಂಟು. ಕೆಲಸ ಕ್ರಮೇಣ ಒಡೆತನವಾಗುವ ಅಪಾಯ. ಫ್ಲಾರಿಡಾದ ಮೈಕೆಲ್ ಪೇಜ್ 1998ರ ಡಿಸೆಂಬರಿನಲ್ಲಿ ಗುಲಾಬಿ, ನೇರಳೆ, ನೀಲಿ ಪಟ್ಟೆಗಳ ಬಾವುಟವನ್ನು ರೂಪಿಸಿ ಎಲ್ಲರ ಬಳಕೆಗೂ ಬಿಟ್ಟುಕೊಟ್ಟರು. ಮರುವರ್ಷ ಅವರೂ ವೆಂಡಿ ಕರಿ, ಜಿಜಿ ರೇವನ್ ವಿಲ್ಬರ್ ಅವರೂ ಸೇರಿ ಸೆಪ್ಟೆಂಬರ್ 23ನ್ನು ದ್ವಿಲಿಂಗಾಸಕ್ತರ ದಿನವಾಗಿ ಆಚರಿಸಲು ತೊಡಗಿದರು. ಬಾವುಟ ಯಾರಪ್ಪನ ಸ್ವತ್ತೂ ಆಗಿರಲಿಲ್ಲ, ಅದಕ್ಕೇ ಅದು ದೇಶ ದೇಶಗಳಿಗೆ ಹರಡಿತು. 2020ರಲ್ಲಿ ಬೈನೆಟ್ ಯುಎಸ್ಎ ಎಂಬ ಹಳೆಯ ಸಂಘಟನೆ ಆ ಬಾವುಟದ ಹಕ್ಕು ತನ್ನದೆಂದು ಸಾರಿದಾಗ ಸಮುದಾಯದಿಂದಲೇ ಬಲವಾದ ವಿರೋಧ ಬಂತು. ಮೂವತ್ತು ವರ್ಷ ದುಡಿದ ಸಂಸ್ಥೆಯ ಕೊನೆಯ ದಿನಗಳು ಈ ಜಗಳದಲ್ಲಿ ಕಳೆದವು. ದುಡಿದವರ ದಣಿವು, ಗುರುತಿಸಲಿಲ್ಲವೆಂಬ ಕೊರಗು ಇಂಥ ಕಡೆ ಕೊಂಡೊಯ್ಯುತ್ತವೆ ಎಂದು ನಾನು ಅರ್ಥಮಾಡಿಕೊಳ್ಳಬಲ್ಲೆ. ಹಣವಿಲ್ಲದೆ, ಬದಲಿ ಕೈಗಳಿಲ್ಲದೆ ಕೆಲವರೇ ಎಲ್ಲವನ್ನೂ ಹೊತ್ತರೆ ಹೀಗಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಬೈಸೆಕ್ಷುವಲ್ ಸೆಂಟರ್ ಕೂಡ ಹತ್ತು ವರ್ಷ ತುಂಬುವ ಮೊದಲೇ ಮುಚ್ಚಿತು. ಆದ್ದರಿಂದ ತನ್ನ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿಕೊಡುವುದನ್ನು ಆ ಕೆಲಸದ ಭಾಗವಾಗಿಯೇ ಎಣಿಸಬೇಕು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಎರಡು ಗಂಟೆಯ ಕೆಲಸವನ್ನೇ ಒಪ್ಪಿಕೊಳ್ಳಲಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕರ್ನಾಟಕದ ಇತಿಹಾಸವೂ ಇದೇ ಮಾತನ್ನು ಹೇಳುತ್ತದೆ. ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗಾಗಿ 1994ರಲ್ಲಿ ಗುಡ್ ಆ್ಯಸ್ ಯೂ ಎಂಬ ಗುಂಪು, 1999ರಲ್ಲಿ ಸಂಗಮ ಸಂಸ್ಥೆ ಹುಟ್ಟಿದವು. ಲೈಂಗಿಕ ಅಲ್ಪಸಂಖ್ಯಾತರ ಮೇಲೆ ಈ ನಗರದಲ್ಲಿ ನಡೆಯುತ್ತಿದ್ದ ದೌರ್ಜನ್ಯಗಳನ್ನು 2001ರಲ್ಲಿ ವರದಿಯಾಗಿ ದಾಖಲಿಸಿದ್ದು ಪಿಯುಸಿಎಲ್‌ನ ಕರ್ನಾಟಕ ಘಟಕ, ಎಂದರೆ ನಾಗರಿಕ ಹಕ್ಕುಗಳ ಕೆಲಸ ಮೊದಲೇ ಬಲ್ಲವರು. ಲೆಸ್‌ಬಿಟ್ ಎಂಬ ಗುಂಪು ಸಲಿಂಗಾಸಕ್ತ ಹೆಂಗಸರು, ದ್ವಿಲಿಂಗಾಸಕ್ತ ಹೆಂಗಸರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರನ್ನು ಒಂದುಗೂಡಿಸಿತು. 2008ರ ಜೂನ್ 29ರಂದು ದೆಹಲಿ, ಕೋಲ್ಕತ್ತಗಳ ಜೊತೆಗೇ ಬೆಂಗಳೂರಿನಲ್ಲೂ ಪ್ರೈಡ್ ಮೆರವಣಿಗೆ ನಡೆಯಿತು. ನ್ಯಾಷನಲ್ ಲಾ ಸ್ಕೂಲಿನಲ್ಲಿ ಇವತ್ತು ಈ ಸಮುದಾಯಗಳ ಇತಿಹಾಸವನ್ನು ಕಾಪಿಡುವ ಕಮ್ರಾ ಎಂಬ ದಾಖಲಾಗಾರವಿದೆ. ಸಾಕ್ಷ್ಯಚಿತ್ರದ ಕೆಲಸದಲ್ಲಿದ್ದವರು ವರ್ಷಗಳಿಂದ ಚಿತ್ರೀಕರಿಸಿ ಇಟ್ಟಿದ್ದ ದೃಶ್ಯಗಳು ಅದರ ಬುನಾದಿ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತ ದಂಡ ಸಂಹಿತೆಯ 377ನೆಯ ಕಲಮು ಪರಸ್ಪರ ಒಪ್ಪಿದ ವಯಸ್ಕರಿಗೆ ಅನ್ವಯಿಸದು ಎಂದಿತು. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗ ಮದುವೆಯ ಹಕ್ಕು ಮಾತ್ರ ಸಿಗಲಿಲ್ಲ. ನ್ಯಾಯಾಲಯದ ದಾರಿಯಲ್ಲಿ ಇನ್ನೂ ನಡೆಯುವುದಿದೆ, ಅದು ವಕೀಲರ ಪಾಲಿನದು. ಆದರೆ ತೀರ್ಪಿಗೆ ಕಾಯಬೇಕಿಲ್ಲದ ಕೆಲಸಗಳು ಬಹಳ ಇವೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೆಯ ಕಲಮಿನಲ್ಲಿ, ಲೈಂಗಿಕ ಒಲವಿನ ಕಾರಣಕ್ಕೆ ಯಾರಿಗೂ ಚಿಕಿತ್ಸೆಯಲ್ಲಿ ತಾರತಮ್ಯ ಮಾಡಬಾರದು ಎಂದು ಬರೆದಿದೆ. ಒಲವನ್ನು ಬದಲಿಸುತ್ತೇವೆಂದು ಚಿಕಿತ್ಸೆ ಮಾಡುವುದು ವೃತ್ತಿ ದುರ್ನಡತೆ ಎಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೂ ಹೇಳಿದೆ. ಈ ಎರಡು ಸಂಗತಿಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಕ್ಕೆ, ಕಾಲೇಜುಗಳ ಆಪ್ತಸಮಾಲೋಚಕರಿಗೆ ತಲುಪಿಸಲು ಯಾವ ಪ್ರಸಿದ್ಧಿಯೂ ಬೇಡ, ಯಾವ ಬಹಿರಂಗ ಘೋಷಣೆಯೂ ಬೇಡ. ಕಾನೂನು ಓದಿದ ಒಬ್ಬರು, ಒಳ್ಳೆಯ ಕನ್ನಡ ಬರೆಯುವ ಒಬ್ಬರು ಕೂಡಿದರೆ ಸಾಕು. ಇನ್ನೊಂದು ಕಡೆ ನೋಡಿ. ನಮ್ಮ ದೇಶದ ಎಚ್‌ಐವಿ ನಿಯಂತ್ರಣ ಕಾರ್ಯಕ್ರಮ ಗಂಡಸರೊಡನೆ ಸಂಬಂಧವಿರುವ ಗಂಡಸರನ್ನು ಪ್ರತ್ಯೇಕ ಗುಂಪಾಗಿ ಗುರುತಿಸಿ ಅವರಿಗೆ ಸೇವೆ ಒದಗಿಸುತ್ತದೆ. ತಮ್ಮನ್ನು ಯಾವ ಹೆಸರಿನಿಂದ ಕರೆದುಕೊಂಡರೂ ಸರಿ, ದ್ವಿಲಿಂಗಾಸಕ್ತ ಗಂಡಸರಿಗೆ ಅಷ್ಟರಮಟ್ಟಿಗೆ ಒಂದು ಬಾಗಿಲಿದೆ. ದ್ವಿಲಿಂಗಾಸಕ್ತ ಹೆಂಗಸರಿಗೆ ಅಂಥ ಸರ್ಕಾರಿ ಬಾಗಿಲು ಒಂದೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಗಂಡನ ಹೊಡೆತದ ಬಗ್ಗೆ ಹೆಂಗಸರನ್ನು ವಿವರವಾಗಿ ಕೇಳುತ್ತದೆ, ಅವರ ಒಲವಿನ ಬಗ್ಗೆ ಕೇಳುವುದಿಲ್ಲ. ಹಾಗಾಗಿ ಅಮೆರಿಕದಲ್ಲಿ ಶೇ. 61 ಎಂದು ಕಂಡ ಸತ್ಯಕ್ಕೆ ಇಲ್ಲಿ ಸಮಾನವಾದ ಅಂಕಿಯೇ ಹುಟ್ಟುವುದಿಲ್ಲ. ಸಮಾಜಕಾರ್ಯ, ಮಹಿಳಾ ಅಧ್ಯಯನ, ಸಂಖ್ಯಾಶಾಸ್ತ್ರ ವಿಭಾಗಗಳು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಇವೆ. ಹೆಸರು ಗುಟ್ಟಾಗಿಟ್ಟು, ಒಪ್ಪಿಗೆ ಪಡೆದು, ಕನ್ನಡದಲ್ಲೇ ಪ್ರಶ್ನೆ ಕೇಳಿ ಒಂದು ಸಣ್ಣ ಅಧ್ಯಯನ ಮಾಡಲು ಅಲ್ಲಿನ ಒಬ್ಬ ಅಧ್ಯಾಪಕಿ, ಒಂದಿಬ್ಬರು ವಿದ್ಯಾರ್ಥಿಗಳು ಸಾಕು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವ ಹೆಂಗಸಿನ ಜೊತೆ ಮಾತಾಡುವವರಿಗೆ ತರಬೇತಿ ಕೊಡುವಾಗ, ಅವಳು ಇನ್ನೊಬ್ಬ ಹೆಂಗಸನ್ನೂ ಪ್ರೀತಿಸಿದವಳಾಗಿರಬಹುದು, ಅದನ್ನೇ ಹಿಡಿದು ಗಂಡ ಅವಳನ್ನು ಹೆದರಿಸುತ್ತಿರಬಹುದು ಎಂಬ ಒಂದು ಪಾಠವನ್ನು ಸೇರಿಸಬೇಕಾಗಿದೆ. ಆ ಪಾಠವನ್ನು ಬರೆಯಬಲ್ಲವರು ಈ ಭಾಷಣ ಕೇಳುತ್ತಿದ್ದರೆ, ಅವರ ಪಾಲಿನ ಕೆಲಸ ಅದು.